ಗಾಲಿಯ ಮೇಲಿನ ಸಂಸಾರ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿದುದು ಈ ಎರಡು ಕಾರ್ಯಗಳಲ್ಲಿ ಅಡಗಿರುವ ತೊಂದರೆಯನ್ನು ಚೆನ್ನಾಗಿ ಬಲ್ಲವರಾಗಿಯೇ. ಈಚೆಗೆ ಇವೆರಡಕ್ಕೆ ಮೂರನೆಯದೊಂದನ್ನು ಸೇರಿಸಬೇಕಾದ ಕಾಲ ಬಂದಿರುವಂತೆ ತೋರುತ್ತದೆ. ಅದೇನೆಂದರೆ, ಗಾಡಿಯೊಂದನ್ನೇ ಮನೆಯಾಗಿ ಕಟ್ಟಿ, ಅದರಲ್ಲಿಯೇ ಉಂಡು ಮಲಗಿ, ಅದರಲ್ಲಿಯೇ ಕುಳಿತು ಕಚೇರಿಯ ಕೆಲಸವನ್ನೂ ಮಾಡುವುದು. ಇಂಗ್ಲಿಷರು ಇದನ್ನು ಕ್ಯಾಂಪರ್ ವ್ಯಾನು, ಕಾರವಾನು ಎಂದು ಮುಂತಾಗಿ ಕರೆಯುವರು. ನಾವು ಮನೆಗಾಡಿಯೆಂದರೆ ಸಾಕು.

ಈ ಬಯಕೆ ಎಲ್ಲಿಂದ ಹುಟ್ಟಿತೆಂಬುದನ್ನು ವಾಚಕರಿಗೆ ವಿಸ್ತರಿಸಿ ಹೇಳಬೇಕಾದುದಿಲ್ಲ. ೨೦೨೦ನೆಯ ಮಾರ್ಚಿಯಲ್ಲಿ ದೇಶವೆಲ್ಲ ಬಾಗಿಲು ಹಾಕಿಕೊಂಡಾಗ ಬೆಂಗಳೂರಿನ ಕಚೇರಿಗಳ ಸಾವಿರಾರು ಮಂದಿ ತಮ್ಮ ಗಣಕಯಂತ್ರಗಳನ್ನು ಬಗಲಿಗೇರಿಸಿಕೊಂಡು ಊರುಗಳಿಗೆ ಹಿಂದಿರುಗಿದರು. ಅದೇ ವರ್ಷದ ನವೆಂಬರಿನಲ್ಲಿ ಕೇಂದ್ರ ಸರ್ಕಾರದ ದೂರಸಂಪರ್ಕ ಇಲಾಖೆಯು ಮನೆಯಿಂದಲೇ ಕೆಲಸಮಾಡುವುದಕ್ಕೆ ಅಡ್ಡಿಯಾಗಿದ್ದ ನಿಯಮಗಳನ್ನು ಬಹುಮಟ್ಟಿಗೆ ಸಡಿಲಿಸಿತು. ಕೆಲಸಕ್ಕೆ ಮೇಜೂ ದೂರವಾಣಿಯ ಅಲೆಯೂ ಸಾಕೆಂದಮೇಲೆ, ಆ ಮೇಜು ಒಂದೇ ಊರಿನಲ್ಲಿ ಏಕಿರಬೇಕೆಂಬ ಪ್ರಶ್ನೆ ಏಳುವುದು ಸಹಜವಷ್ಟೆ.

ಹಾಗೆ ನೋಡಿದರೆ ನಮ್ಮ ಸೀಮೆಗೆ ಇದು ಹೊಸದಲ್ಲ. ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಕಮಾನುಗಾಡಿ ಕಟ್ಟಿಕೊಂಡು ಹೋಗುತ್ತಿದ್ದ ರೈತನು, ಗಾಡಿಯ ಮೇಲೆ ಹೆಂಡತಿಮಕ್ಕಳನ್ನೂ ಕೆಳಗೆ ತನ್ನನ್ನೂ ಮಲಗಿಸಿಕೊಂಡು, ಮೂರು ಕಲ್ಲಿನ ಒಲೆ ಹೂಡಿ ದಿನಗಟ್ಟಲೆ ಸಂಸಾರ ಮಾಡುತ್ತಿದ್ದನು. ಅವನ ವ್ಯಾಪಾರವೂ ಅಲ್ಲಿಯೇ ನಡೆಯುತ್ತಿತ್ತು. ಲಂಬಾಣಿಗಳು ಹೇರೆತ್ತುಗಳ ಮೇಲೆ ಉಪ್ಪನ್ನೂ ಧಾನ್ಯವನ್ನೂ ಸಾಗಿಸುತ್ತ ದೇಶವನ್ನೇ ಸುತ್ತಿದವರು. ಇನ್ನು ಗಾಡಿಯನ್ನು ವಿಹಾರಕ್ಕಾಗಿಯೇ ಮನೆಯಾಗಿ ಕಟ್ಟಿಸಿದವರಲ್ಲಿ ಮೊದಲಿಗನೆಂದು ಹೆಸರಾದವನು ಸ್ಕಾಟ್ಲೆಂಡಿನ ವೈದ್ಯ ಗಾರ್ಡನ್ ಸ್ಟೇಬಲ್ಸ್. ೧೮೮೫ರಲ್ಲಿ ಬ್ರಿಸ್ಟಲ್ ನಗರದ ಕಾರ್ಖಾನೆಯಲ್ಲಿ ಅವನು ಮಾಡಿಸಿದ ಗಾಡಿಯ ಹೆಸರು ‘ವಾಂಡರರ್’. ಅದನ್ನು ಎರಡು ಕುದುರೆಗಳು ಎಳೆಯುತ್ತಿದ್ದುವು. ೧೯೫೧ರಿಂದೀಚೆಗೆ ಜರ್ಮನಿಯ ವೆಸ್ಟ್‌ಫಾಲಿಯಾ ಎಂಬ ಕಾರ್ಖಾನೆಯು ಫೋಕ್ಸ್‌ವಾಗನ್ ವ್ಯಾನುಗಳೊಳಗೆ ಹಾಸಿಗೆ ಕಪಾಟುಗಳನ್ನು ಕೂಡಿಸಿ ಮಾರಲು ತೊಡಗಿದಮೇಲೆ ಇದು ಸಾಧಾರಣ ಗೃಹಸ್ಥರಿಗೂ ಎಟುಕಿತು.

ಈ ಲೇಖನದಲ್ಲಿ ಹೇಳಹೊರಟಿರುವುದು ಆ ಇತಿಹಾಸವನ್ನಲ್ಲ. ನಮ್ಮ ಹವೆಯಲ್ಲಿ, ನಮ್ಮ ರಸ್ತೆಗಳಲ್ಲಿ, ನಮ್ಮ ಕಾನೂನಿನೊಳಗೆ ಇಂಥ ಮನೆಯನ್ನು ಕಟ್ಟಬೇಕಾದರೆ ಯಾವುದನ್ನು ಮೊದಲು ಯೋಚಿಸಬೇಕು ಎಂಬುದನ್ನು. ಮಾತು ಗಾಳಿಯಲ್ಲಿ ತೇಲದಿರಲೆಂದು ಒಂದು ಸಂಸಾರವನ್ನು ಊಹಿಸಿಕೊಳ್ಳೋಣ. ದೊಡ್ಡಬಳ್ಳಾಪುರದ ಸಮೀಪದ ರಾಜಘಟ್ಟದಲ್ಲಿ ಒಂದು ಹಳೆಯ ಮನೆ, ಹಿತ್ತಲು, ಒಂದು ಹುಣಿಸೆಯ ಮರ. ಗಂಡಹೆಂಡಿರಿಬ್ಬರೂ ಗಣಕಯಂತ್ರದ ಮೇಲೆ ಉದ್ಯೋಗ ಮಾಡತಕ್ಕವರು. ವೃದ್ಧಳಾದ ತಾಯಿಯನ್ನು ತಂಗಿಯ ಆರೈಕೆಯಲ್ಲಿಟ್ಟು, ವರ್ಷಕ್ಕೆ ಮೂರು ನಾಲ್ಕು ತಿಂಗಳು ಮಲೆನಾಡು ಕರಾವಳಿಗಳನ್ನು ಸುತ್ತುತ್ತ ಕೆಲಸಮಾಡುವ ಆಶೆ ಅವರಿಗೆ. ಕೈಯಲ್ಲಿರುವುದು ಹಲವು ವರ್ಷಗಳ ಉಳಿತಾಯ. ಅದು ಕಬ್ಬಿಣದ ಪೆಟ್ಟಿಗೆಯೊಂದರಲ್ಲಿ ಕರಗಿಹೋಗಕೂಡದು.

ಮೊದಲ ಕೆಲಸ ಗಾಡಿಯನ್ನು ಕೊಳ್ಳುವುದಲ್ಲ; ಒಂದು ಸೀಮೆಸುಣ್ಣವನ್ನು ಕೊಳ್ಳುವುದು. ಕೊಳ್ಳಬೇಕೆಂದಿರುವ ವ್ಯಾನಿನ ಒಳ ಅಳತೆಯನ್ನು ತಂದು ಅಂಗಳದಲ್ಲಿ ಅಷ್ಟೇ ಉದ್ದಗಲದ ಚೌಕವನ್ನು ಎಳೆಯಬೇಕು. ಫೋರ್ಸ್ ಟ್ರಾವೆಲರ್ ಆಗಲಿ, ಟಾಟಾ ವಿಂಗರ್ ಆಗಲಿ, ಎತ್ತರದ ಮಾಡಿನ ಮಾದರಿಯನ್ನೇ ನೋಡುವುದು ಮೇಲು. ಏಕೆಂದರೆ ಬೆನ್ನು ಬಗ್ಗಿಸಿ ಒಂದು ರಾತ್ರಿ ಕಳೆಯಬಹುದು, ಮೂರು ತಿಂಗಳು ಕಳೆಯಲಾಗದು. ಆ ಚೌಕದೊಳಗೆ ಮಂಚಕ್ಕೆ ಬದಲು ಚಾಪೆ, ಒಲೆಯ ಕಟ್ಟೆಗೆ ಬದಲು ಹಳೆಯ ಪೆಟ್ಟಿಗೆ, ಮೇಜಿಗೆ ಬದಲು ಮಣೆಯನ್ನಿಟ್ಟು ಒಂದು ಭಾನುವಾರವೆಲ್ಲ ಗೆರೆ ದಾಟದೆ ಇದ್ದುನೋಡಬೇಕು. ಒಬ್ಬರು ಕಾಫಿ ಕಾಯಿಸುವಾಗ ಇನ್ನೊಬ್ಬರು ಎಲ್ಲಿ ನಿಲ್ಲುವರು? ಇಬ್ಬರಿಗೂ ಏಕಕಾಲದಲ್ಲಿ ಕಚೇರಿಯ ಸಭೆ ಬಂದರೆ ಯಾರ ಧ್ವನಿ ಯಾರಿಗೆ ಕೇಳುವುದು? ಒದ್ದೆಬಟ್ಟೆಯನ್ನು ಎಲ್ಲಿ ಹರವುವುದು? ಬಡಗಿಗೆ ಹೇಳಿಕೊಟ್ಟು ಕೆಡಿಸಿಕೊಳ್ಳುವ ಹತ್ತು ತಪ್ಪುಗಳನ್ನು ಈ ಸುಣ್ಣದ ಗೆರೆ ಬಿಟ್ಟಿಯಾಗಿ ತೋರಿಸಿಕೊಡುತ್ತದೆ.

ರಾಜಘಟ್ಟದ ವಿಷಯವೇ ಬಂದಿರುವುದರಿಂದ ಇಲ್ಲಿ ಒಂದು ಮಾತು. ಈ ಶತಮಾನದ ಆರಂಭದಲ್ಲಿ ಅಲ್ಲಿ ನಡೆದ ಉತ್ಖನನದಲ್ಲಿ ಬೌದ್ಧ ಚೈತ್ಯವಿಹಾರಗಳ ಅವಶೇಷಗಳೂ ಜೇಡಿಮಣ್ಣಿನ ಪುಟ್ಟ ಪುಟ್ಟ ಹರಕೆಯ ಸ್ತೂಪಗಳೂ ದೊರೆತುವು. ಭಿಕ್ಷುಗಳು ಮಳೆಗಾಲದಲ್ಲಿ ಒಂದೆಡೆ ನೆಲಸಿ ಉಳಿದ ಕಾಲದಲ್ಲಿ ಸಂಚರಿಸತಕ್ಕವರು. ಅವರಿಗೆ ಬೌದ್ಧ ಸಂಪ್ರದಾಯವು ವಿಧಿಸಿದ ಆಸ್ತಿ ಎಂಟೇ ವಸ್ತು: ಮೂರು ಚೀವರ, ಪಾತ್ರೆ, ಕ್ಷೌರದ ಕತ್ತಿ, ಸೂಜಿ, ಸೊಂಟಪಟ್ಟಿ, ನೀರು ಸೋಸುವ ಬಟ್ಟೆ. ಗೃಹಸ್ಥರು ಅಷ್ಟಕ್ಕೆ ಇಳಿಯಬೇಕೆಂದು ಯಾರೂ ಹೇಳಲಾರರು. ಆದರೂ ಗಾಡಿಗೆ ಏರಿಸುವ ಪ್ರತಿಯೊಂದು ಪದಾರ್ಥವನ್ನೂ ಕೈಯಲ್ಲಿ ಹಿಡಿದು, ಇದು ಸೂಜಿಯೋ ಅಲ್ಲವೋ ಎಂದು ಒಮ್ಮೆ ಕೇಳಿಕೊಂಡರೆ ನಷ್ಟವಿಲ್ಲ.

ಏಕೆಂದರೆ ಗಾಡಿಗೆ ಭಾರದ ಮಿತಿಯುಂಟು. ತಯಾರಕರು ನಿಗದಿಮಾಡಿದ ಒಟ್ಟು ತೂಕವನ್ನು ನೋಂದಣಿ ಪತ್ರದಲ್ಲಿಯೇ ಬರೆದಿರುವುದು. ದಪ್ಪ ಪ್ಲೈವುಡ್ಡಿನ ಬೀರುಗಳನ್ನು ಮಾಡಿಸಿ, ಎಂಬತ್ತು ಲೀಟರು ನೀರು ತುಂಬಿ, ಬ್ಯಾಟರಿ, ಒಲೆ, ಹಾಸಿಗೆ, ಪುಸ್ತಕಗಳನ್ನು ಪೇರಿಸಿದಮೇಲೆ ಆ ಮಿತಿ ಎಲ್ಲಿ ಉಳಿಯಿತೆಂದು ತೂಕದ ಸೇತುವೆಯ ಮೇಲೆ ನಿಲ್ಲಿಸಿ ನೋಡಿದವರಿಗೇ ಗೊತ್ತು. ಎತ್ತಿನ ಗಾಡಿಯ ರೈತನಿಗೆ ಮುಂಭಾರ ಹಿಂಭಾರಗಳ ಅರಿವಿತ್ತು. ಹುಲ್ಲನ್ನು ಹಿಂದಕ್ಕೆ ಹೆಚ್ಚಾಗಿ ಪೇರಿಸಿದರೆ ನೊಗವು ಎತ್ತಿನ ಹೆಗಲನ್ನು ಬಿಟ್ಟು ಮೇಲೇಳುವುದು. ಮುಂದಕ್ಕೆ ಪೇರಿಸಿದರೆ ಹೆಗಲು ಹುಣ್ಣಾಗುವುದು. ಮೋಟಾರು ಗಾಡಿಗೂ ಇದೇ ನ್ಯಾಯ. ನೀರಿನ ತೊಟ್ಟಿ, ಬ್ಯಾಟರಿಗಳಂಥ ಭಾರದ ವಸ್ತುಗಳು ತಳಕ್ಕೆ ಹತ್ತಿರವಾಗಿ, ಎರಡು ಅಚ್ಚುಗಳ ನಡುವೆ, ಎಡಬಲಗಳಿಗೆ ಸಮನಾಗಿ ಇರಬೇಕು. ಮೇಲಿನ ಕಪಾಟುಗಳಲ್ಲಿ ಬಟ್ಟೆಬರೆ ಮಾತ್ರ. ಶಿರಾಡಿಯ ತಿರುವುಗಳಲ್ಲಿ ಇದರ ಅರ್ಥ ತಾನಾಗಿಯೇ ತಿಳಿಯುವುದು.

ಈಗ ವಿದ್ಯುತ್ತಿನ ಲೆಕ್ಕಕ್ಕೆ ಬರೋಣ. ಮನೆಗಾಡಿಯ ಒಳಿತು ಕೆಡಕುಗಳೆಲ್ಲ ನಿಂತಿರುವುದು ಈ ಲೆಕ್ಕದ ಮೇಲೆ. ಆದುದರಿಂದ ವಾಚಕರು ಸ್ವಲ್ಪ ಸಹನೆಯಿಂದ ಓದಬೇಕು. ಒಂದು ಗಣಕಯಂತ್ರಕ್ಕೆ ೬೦ ವ್ಯಾಟು. ಎಂಟು ಗಂಟೆಗೆ ೪೮೦ ವ್ಯಾಟು-ಗಂಟೆ. ೧೨ ವೋಲ್ಟಿನ ಚಿಕ್ಕ ಪಂಕಕ್ಕೆ ೨೫ ವ್ಯಾಟಿನಂತೆ ಹತ್ತು ಗಂಟೆಗೆ ೨೫೦. ಚಿಕ್ಕ ಶೀತಕ ಪೆಟ್ಟಿಗೆಗೆ ದಿನಕ್ಕೆ ಸುಮಾರು ೪೫೦. ಅಂತರಜಾಲದ ಪೆಟ್ಟಿಗೆಗೆ ೧೨೦. ದೀಪಗಳಿಗೆ ೫೦, ನೀರಿನ ಪಂಪು, ದೂರವಾಣಿಗಳಿಗೆ ಇನ್ನೊಂದು ೫೦. ಒಟ್ಟು ೧,೪೦೦. ಇದು ಖರ್ಚು. ಆದಾಯವನ್ನು ನೋಡಿದರೆ, ಇಂಥ ವ್ಯಾನಿನ ಮಾಡಿನ ಮೇಲೆ ೪೦೦ ವ್ಯಾಟಿನಷ್ಟು ಸೌರಫಲಕಗಳನ್ನು ಕೂಡಿಸಬಹುದು. ನಮ್ಮ ಬಯಲುಸೀಮೆಯ ಬಿಸಿಲು ಸರಾಸರಿ ದಿನಕ್ಕೆ ಐದು ಗಂಟೆಯ ಪೂರ್ಣ ಬಿಸಿಲಿಗೆ ಸಮ, ಎಂದರೆ ೨,೦೦೦. ಆದರೆ ಫಲಕ ಕಾಯುವುದರಿಂದಲೂ, ಧೂಳಿನಿಂದಲೂ, ಸೂರ್ಯನತ್ತ ವಾಲದೆ ಚಪ್ಪಟೆಯಾಗಿರುವುದರಿಂದಲೂ ಕಾಲುಭಾಗಕ್ಕೆ ಮೀರಿ ನಷ್ಟವಾಗಿ, ಕೈಗೆ ಬರುವುದು ೧,೪೦೦ರಿಂದ ೧,೫೦೦. ಜಮಾಖರ್ಚು ಹೆಚ್ಚುಕಡಮೆ ಸರಿಹೋಯಿತು. ಆಷಾಢದ ಮೋಡದಲ್ಲಿ ಆದಾಯವು ಅರ್ಧಕ್ಕೆ ಇಳಿಯುವುದು. ಎರಡನೆಯವರ ಗಣಕಯಂತ್ರದ ೪೮೦ ಸಹ ಸೇರಿದರೆ ಕೊರತೆ ಬೀಳುವುದು. ಗಾಡಿ ಓಡುವಾಗ ಅದರ ಎಂಜಿನ್ನಿನಿಂದಲೇ ಬ್ಯಾಟರಿಯನ್ನು ತುಂಬಿಸುವ ೩೦ ಆಂಪಿಯರಿನ ಉಪಕರಣವೊಂದನ್ನು ಕೂಡಿಸಿದರೆ ಗಂಟೆಗೆ ಸುಮಾರು ೪೦೦ ವ್ಯಾಟು-ಗಂಟೆ ದೊರೆತು, ಒಂದು ಗಂಟೆ ಚಿಲ್ಲರೆಯ ಪ್ರಯಾಣದಲ್ಲಿ ಈ ಎರಡನೆಯ ಕೊರತೆ ತುಂಬುವುದು. ಮೋಡದ ಕೊರತೆಗೆ ಯಾರಾದರೂ ನೆಂಟರ ಮನೆಯ ಗೋಡೆಯ ಪ್ಲಗ್ಗೇ ಗತಿ.

ಕೂಡಿಡುವುದಕ್ಕೆ ಲಿಥಿಯಂ ಐರನ್ ಫಾಸ್ಫೇಟು ಜಾತಿಯ ೨೦೦ ಆಂಪಿಯರ್-ಗಂಟೆಯ ಒಂದು ಬ್ಯಾಟರಿ ಸಾಕು. ಅದರಲ್ಲಿ ೨,೫೬೦ ವ್ಯಾಟು-ಗಂಟೆ ಹಿಡಿಯುವುದು. ತೂಕ ಇಪ್ಪತ್ತೈದು ಕಿಲೋಗ್ರಾಮಿನ ಆಸುಪಾಸು. ಅಷ್ಟೇ ಪ್ರಯೋಜನವನ್ನು ಮನೆಗಳಲ್ಲಿರುವ ಸೀಸ-ಆಮ್ಲದ ಬ್ಯಾಟರಿಯಿಂದ ಪಡೆಯಬೇಕಾದರೆ ಅಂಥವೆರಡು ಬೇಕಾಗಿ ತೂಕವು ನೂರು ಕಿಲೋವನ್ನು ದಾಟುವುದು. ತಂತಿಯ ವಿಷಯದಲ್ಲಿ ಜಿಪುಣತನ ಸಲ್ಲದು. ೧೨ ವೋಲ್ಟಿನಲ್ಲಿ ೧,೫೦೦ ವ್ಯಾಟಿನ ಇನ್‌ವರ್ಟರು ನಡೆಯಬೇಕಾದರೆ ೧೨೫ ಆಂಪಿಯರಿಗೂ ಮೀರಿ ಹರಿಯುತ್ತದೆ. ಸಾಮಾನ್ಯ ಮನೆಯ ತಂತಿ ಅದಕ್ಕೆ ಕರಗಿಹೋಗುವುದು. ಬೆರಳುಗಾತ್ರದ ತಾಮ್ರದ ತಂತಿಯೂ, ಬ್ಯಾಟರಿಯ ಪಕ್ಕದಲ್ಲಿಯೇ ಫ್ಯೂಸೂ ಇರತಕ್ಕದ್ದು. ಹೊರಗಿನ ೨೩೦ ವೋಲ್ಟನ್ನು ಒಳಗೆ ತರುವಲ್ಲಿ ೩೦ ಮಿಲಿಆಂಪಿಯರಿನ ಸೋರಿಕೆ ತಡೆಯುವ ಸ್ವಿಚ್ಚೂ, ಭೂಸಂಪರ್ಕವೂ ಇಲ್ಲದಿದ್ದರೆ ಗಾಡಿಯ ಲೋಹದ ಮೈಯೆಲ್ಲ ಮುಟ್ಟಿದವರನ್ನು ಹೊಡೆಯುವ ಸಂಭವವುಂಟು.

ಈ ಲೆಕ್ಕದಲ್ಲಿ ಹವಾನಿಯಂತ್ರಕ ಯಂತ್ರವಿಲ್ಲವೆಂಬುದನ್ನು ವಾಚಕರು ಗಮನಿಸಿರಬಹುದು. ಅದನ್ನು ಬೇಕೆಂದೇ ಬಿಟ್ಟಿದೆ. ಒಂದು ಟನ್ನಿನ ಯಂತ್ರವು ಓಡುವಾಗ ಸುಮಾರು ಸಾವಿರ ವ್ಯಾಟನ್ನು ನುಂಗುತ್ತದೆ. ಮಧ್ಯೆ ಮಧ್ಯೆ ನಿಂತು ಓಡಿದರೂ ಒಂದು ರಾತ್ರಿಗೆ ಐದು ಸಾವಿರ ವ್ಯಾಟು-ಗಂಟೆಯೆಂದಿಟ್ಟುಕೊಳ್ಳಬಹುದು. ಮಾಡಿನ ಮೇಲಿನ ಬಿಸಿಲೆಲ್ಲವನ್ನೂ ಮೂರು ದಿನ ಕೂಡಿಟ್ಟರೂ ಅದು ಒಂದು ರಾತ್ರಿಗೆ ಸಾಲದು. ಆಗ ಜನರಿಗೆ ತೋಚುವ ಉಪಾಯ ಜನರೇಟರು, ಇಲ್ಲವೆ ಎಂಜಿನ್ನನ್ನೇ ಓಡಿಸಿಕೊಂಡು ಮಲಗುವುದು. ೨೦೨೪ನೆಯ ಡಿಸೆಂಬರಿನಲ್ಲಿ ಕೇರಳದ ವಡಗರದಲ್ಲಿ ರಸ್ತೆಯ ಬದಿಗೆ ನಿಲ್ಲಿಸಿದ್ದ ಕಾರವಾನಿನೊಳಗೆ ಇಬ್ಬರು ಸತ್ತು ಬಿದ್ದಿದ್ದರು. ಮೈಮೇಲೆ ಗಾಯವಿಲ್ಲ, ಕಳ್ಳತನವಿಲ್ಲ. ಹವಾನಿಯಂತ್ರಕವನ್ನು ನಡೆಸಲು ಜನರೇಟರನ್ನು ಹಚ್ಚಿದ್ದರು. ತರುವಾಯ ಕಲ್ಲಿಕೋಟೆಯ ರಾಷ್ಟ್ರೀಯ ತಾಂತ್ರಿಕ ಸಂಸ್ಥೆಯ ತಜ್ಞರು ಪರೀಕ್ಷೆ ಮಾಡಿ, ಜನರೇಟರಿನ ಹೊಗೆಯಲ್ಲಿದ್ದ ಕಾರ್ಬನ್ ಮಾನಾಕ್ಸೈಡು ಗಾಡಿಯ ತಳದ ಕಂಡಿಯಿಂದ ಒಳಸೇರಿತೆಂದು ಕಂಡುಕೊಂಡರು. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲಿರುವವನನ್ನು ಅದು ಎಬ್ಬಿಸುವುದೂ ಇಲ್ಲ.

ಇಷ್ಟು ಚಿಕ್ಕ ಕೋಣೆಯಲ್ಲಿ ಸುಖಕ್ಕಾಗಿ ಮಾಡಿದ ಏರ್ಪಾಡೇ ಪ್ರಾಣಕ್ಕೆ ಎರವಾಗುವುದೆಂದರೆ, ಆ ಸುಖವಿಲ್ಲದೆ ನಡೆಯುವಂತೆ ಮನೆಯನ್ನು ಕಟ್ಟುವುದೇ ಜಾಣತನ. ಅದು ನಮ್ಮ ಸೀಮೆಯಲ್ಲಿ ಅಸಾಧ್ಯವೂ ಅಲ್ಲ. ರಾಜಘಟ್ಟದ ಸುತ್ತಿನ ಪ್ರದೇಶವು ಸಮುದ್ರಮಟ್ಟದಿಂದ ಒಂಬತ್ತು ನೂರು ಮೀಟರುಗಳ ಆಸುಪಾಸಿನಲ್ಲಿದೆ. ಬೇಸಗೆಯ ಹಗಲು ಎಷ್ಟೇ ಕಾದರೂ ರಾತ್ರಿ ತಂಪಾಗುವುದು. ಮಲೆನಾಡಿನಲ್ಲಿ ಕೇಳಬೇಕಾದುದೇ ಇಲ್ಲ. ಕರಾವಳಿಯ ಚೈತ್ರ ವೈಶಾಖಗಳೊಂದು ಕಷ್ಟ. ಆಗ ಅಲ್ಲಿಗೆ ಹೋಗದಿದ್ದರಾಯಿತು. ಗಾಲಿಯಿರುವ ಮನೆಯ ಪ್ರಯೋಜನವೇ ಅದಲ್ಲವೆ?

ಉಕ್ಕಿನ ಡಬ್ಬಿಯನ್ನು ಬಿಸಿಲಿನಲ್ಲಿ ಮುಚ್ಚಿಟ್ಟರೆ ಒಳಗಿನ ಸೆಕೆ ಐವತ್ತು ಡಿಗ್ರಿಯನ್ನು ಮುಟ್ಟುತ್ತದೆ. ಇದಕ್ಕೆ ಮದ್ದು ಮೂರು ಬಗೆಯಾಗಿ ನಡೆಯಬೇಕು. ಮಾಡಿಗೆ ಬಿಳಿಯ ಬಣ್ಣ, ಅದರ ಮೇಲೆ ಬೆರಳೆರಡರಷ್ಟು ಸಂದು ಬಿಟ್ಟು ಸೌರಫಲಕ. ಫಲಕವೇ ಮಾಡಿಗೆ ಚಪ್ಪರವಾಗುವುದು. ಒಳಗಡೆ ಗೋಡೆಗೆ ನೀರು ಹೀರದ ನೊರೆಹಾಳೆಯನ್ನು ಅಂಟಿಸಬೇಕು. ಉಕ್ಕಿನ ಪಕ್ಕೆಲುಬುಗಳನ್ನು ಬಿಟ್ಟು ನಡುವಣ ಜಾಗವನ್ನು ಮಾತ್ರ ಮುಚ್ಚುವ ಕೆಲಸಗಾರರುಂಟು. ಹಾಗಾದರೆ ಶಾಖವು ಆ ಪಕ್ಕೆಲುಬುಗಳಿಂದಲೇ ಒಳನುಗ್ಗುತ್ತದೆ, ಚಳಿಗಾಲದ ಬೆಳಗ್ಗೆ ಉಸಿರಿನ ತೇವವು ಅವುಗಳ ಮೇಲೆಯೇ ಹನಿಗಟ್ಟಿ ಮರವನ್ನು ಕೊಳೆಯಿಸುತ್ತದೆ. ಮೂರನೆಯದು ಗಾಳಿ. ಮಾಡಿನಲ್ಲಿ ಬಿಸಿಗಾಳಿಯನ್ನು ಹೊರದೂಡುವ ಪಂಕ, ತಗ್ಗಿನಲ್ಲಿ ನೆರಳಿನ ಕಡೆಗೆ ಸೊಳ್ಳೆಬಲೆಯ ಕಿಟಕಿ. ನಮ್ಮ ತೊಟ್ಟಿಮನೆಗಳಲ್ಲಿ ಗಾಳಿಯು ಹಾಯುತ್ತಿದ್ದ ರೀತಿಯೇ ಇದು. ನಿಲ್ಲಿಸುವಾಗ ಮರದ ನೆರಳು ಬೇಕೋ, ಫಲಕಕ್ಕೆ ಬಿಸಿಲು ಬೇಕೋ ಎಂಬ ಜಗಳ ಮಾತ್ರ ದಿನವೂ ನಡೆಯತಕ್ಕದ್ದೇ.

ಅಡುಗೆಗೆ ವಿದ್ಯುತ್ತಿನ ಒಲೆಯಾದರೆ ಒಂದು ಅನ್ನಸಾರಿಗೆ ದಿನದ ಆದಾಯದಲ್ಲಿ ಅರ್ಧ ಹೋಗುವುದು. ಆದುದರಿಂದ ಬಹುಮಂದಿ ಅನಿಲದ ಒಲೆಯನ್ನೇ ಇಡುವರು. ಅಡುಗೆಯ ಅನಿಲವು ಗಾಳಿಗಿಂತ ಭಾರ; ಸೋರಿದರೆ ಮೇಲೇರಿ ಹೋಗದೆ ಹಾಸಿಗೆಯ ಕೆಳಗೆ ನೀರಿನಂತೆ ಮಡುಗಟ್ಟುವುದು. ಸಿಲಿಂಡರು ಚಿಕ್ಕದಾಗಿದ್ದು, ನೆಟ್ಟಗೆ ನಿಂತು, ಒಳಕೋಣೆಗೆ ಸಂದಿಲ್ಲದಂತೆ ಮುಚ್ಚಿದ ಪೆಟ್ಟಿಗೆಯಲ್ಲಿರಬೇಕು; ಆ ಪೆಟ್ಟಿಗೆಯ ತಳದಲ್ಲಿ ಗಾಡಿಯ ಹೊರಕ್ಕೆ ತೆರೆದ ಕಂಡಿಯಿರಬೇಕು. ಅನಿಲದ ಸೋರಿಕೆಯನ್ನು ಸಾರುವ ಗಂಟೆಯನ್ನು ನೆಲದ ಹತ್ತಿರವೂ, ಕಾರ್ಬನ್ ಮಾನಾಕ್ಸೈಡಿನ ಗಂಟೆಯನ್ನು ಮಲಗುವವರ ತಲೆಯ ಮಟ್ಟದಲ್ಲಿಯೂ ಕಟ್ಟಬೇಕು. ಬೆಂಕಿ ಆರಿಸುವ ಪುಡಿಯ ಸಿಲಿಂಡರು ಬಾಗಿಲ ಬಳಿ. ಬಾಗಿಲಿನ ಕಡೆಯೇ ಬೆಂಕಿ ಹತ್ತಿದರೆ ಹೊರಬರಲು ಮನುಷ್ಯನು ನುಸುಳುವಷ್ಟು ಕಿಟಕಿ ಇನ್ನೊಂದು ಕಡೆ. ಇವು ನಾಲ್ಕಕ್ಕೂ ತಗಲುವ ವೆಚ್ಚವು ಬಣ್ಣಬಣ್ಣದ ದೀಪಗಳಿಗೆ ಸುರಿಯುವ ಹಣಕ್ಕಿಂತ ಕಡಮೆ.

ಒಗ್ಗರಣೆಯ ಘಾಟಿನ ವಿಷಯದಲ್ಲಿ ಮನೆಯೊಡತಿಯರ ಮಾತೇ ಪ್ರಮಾಣ. ಹಿಂಬಾಗಿಲನ್ನು ತೆರೆದು ಹೊರಗೆ ನಿಂತು ಅಡುಗೆ ಮಾಡುವಂತೆ ಕಟ್ಟೆಯನ್ನು ಹಿಂತುದಿಗೆ ಇಟ್ಟರೆ ಹಾಸಿಗೆಗೆ ಇಂಗಿನ ವಾಸನೆ ತಗಲುವುದಿಲ್ಲ. ಮಳೆಯ ದಿನ ಅವಲಕ್ಕಿ ಮೊಸರು ಇದ್ದೇ ಇದೆ.

ನೀರು ಒಬ್ಬರಿಗೆ ದಿನಕ್ಕೆ ಹದಿನೈದು ಲೀಟರು ಎಂದಿಟ್ಟರೆ ಎಂಬತ್ತು ಲೀಟರು ಇಬ್ಬರಿಗೆ ಎರಡೂವರೆ ದಿನ. ಚೊಂಬಿನಲ್ಲಿ ಮೊಗೆದು ಸ್ನಾನ ಮಾಡುವ ಅಭ್ಯಾಸವಿರುವ ನಮಗೆ ಇದು ಹೊರದೇಶದವರಿಗಿಂತ ಸುಲಭ. ಶೌಚಕ್ಕೆ ಕಳಚಿ ತೆಗೆಯುವ ಪೆಟ್ಟಿಗೆಯುಳ್ಳ ಆಸನಗಳು ದೊರೆಯುತ್ತವೆ; ಅದನ್ನು ಶೌಚಾಲಯದಲ್ಲಿಯೇ ಬರಿದುಮಾಡಬೇಕಲ್ಲದೆ ಹಳ್ಳದಲ್ಲಲ್ಲ. ಪಾತ್ರೆ ತೊಳೆದ ನೀರನ್ನೂ ಕೆರೆಯ ಏರಿಯ ಮೇಲೆ ಚೆಲ್ಲಕೂಡದು. ಅರ್ಕಾವತಿಯ ಕೆರೆಗಳಿಗೆ ಈಗ ಸೇರುತ್ತಿರುವ ಕೊಳೆಯೇ ಸಾಕಾಗಿದೆ. ಗಾಲಿಯ ಮೇಲೆ ಅಚ್ಚುಕಟ್ಟಾದ ಶೌಚಗೃಹವನ್ನು ಕಟ್ಟಬಹುದೆಂಬುದಕ್ಕೆ ಹೊರದೇಶದ ದೃಷ್ಟಾಂತವೇ ಬೇಕಿಲ್ಲ. ೨೦೨೦ರಲ್ಲಿ ನಮ್ಮ ರಾಜ್ಯ ರಸ್ತೆ ಸಾರಿಗೆ ಸಂಸ್ಥೆಯು ಓಡಿ ಸವೆದ ಬಸ್ಸೊಂದನ್ನು ಹೆಂಗಸರ ಶೌಚಾಲಯವಾಗಿ ಮಾರ್ಪಡಿಸಿ, ಬೆಂಗಳೂರಿನ ಮೆಜೆಸ್ಟಿಕ್ ನಿಲ್ದಾಣದಲ್ಲಿ ‘ಸ್ತ್ರೀ ಶೌಚಾಲಯ’ವೆಂದು ನಿಲ್ಲಿಸಿತು. ಅದೇ ವರ್ಷ ಹಳೆಯ ಬಸ್ಸುಗಳನ್ನು ಸಂಚಾರಿ ಜ್ವರ ಚಿಕಿತ್ಸಾಲಯಗಳಾಗಿಯೂ ಮಾಡಿತು. ಬಸ್ಸಿನ ಮೈಯನ್ನು ಕೋಣೆಯಾಗಿ ತಿರುಗಿಸುವ ಕೈಗಳು ನಮ್ಮಲ್ಲಿಯೇ ಇವೆ.

ಕೆಲಸದ ಮೇಜು ಮಡಿಸುವಂಥದಾದರೂ ಗಟ್ಟಿಯಾಗಿರಬೇಕು. ಎತ್ತರ ಎಪ್ಪತ್ತೆರಡರಿಂದ ಎಪ್ಪತ್ತೈದು ಸೆಂಟಿಮೀಟರು, ಕಿಟಕಿಯ ಬೆಳಕು ಪಕ್ಕದಿಂದ. ಹಾಸಿಗೆಯ ಮೇಲೆ ಕಾಲು ಮಡಿಸಿ ಕುಳಿತು ಕೆಲಸಮಾಡುವೆನೆಂಬ ಛಲ ಒಂದು ವಾರದಲ್ಲಿ ಸೊಂಟನೋವಾಗಿ ಮುಗಿಯುವುದು. ಲೋಹದ ಮೈಯು ದೂರವಾಣಿಯ ಅಲೆಯನ್ನು ಕುಗ್ಗಿಸುವುದರಿಂದ ಆಂಟೆನಾ ಮಾಡಿನ ಮೇಲಿರಬೇಕು. ಎರಡು ಬೇರೆ ಬೇರೆ ಕಂಪನಿಗಳ ಸಿಮ್ ಇರಬೇಕು. ಇಷ್ಟಾದರೂ ಪಶ್ಚಿಮ ಘಟ್ಟದ ಕಣಿವೆಗಳಲ್ಲಿ ಅಲೆಯೇ ಇಲ್ಲದ ಜಾಗ ಬಹಳ. ಆದುದರಿಂದ ಸೋಮವಾರದಿಂದ ಶುಕ್ರವಾರದವರೆಗೆ ತಾಲ್ಲೂಕು ಊರಿನ ಅಂಚಿನಲ್ಲಿ ತಂಗಿ, ಕಾಡುಮೇಡುಗಳನ್ನು ಶನಿವಾರಕ್ಕೆ ಇಟ್ಟುಕೊಳ್ಳುವುದು ಕ್ಷೇಮ. ಯಜಮಾನರ ಒಪ್ಪಿಗೆಯನ್ನು ಬರಹದಲ್ಲಿ ಪಡೆದಿರುವುದೂ ಅಗತ್ಯ. ಮನೆಯಿಂದ ಕೆಲಸಮಾಡಬಹುದೆಂದ ಕಚೇರಿಯು ಎಲ್ಲಿಂದ ಬೇಕಾದರೂ ಮಾಡಬಹುದೆಂದು ಹೇಳಿದಂತಲ್ಲ.

ಕಾನೂನಿನ ಮಾತನ್ನು ಕೊನೆಗಿಟ್ಟರೂ ಗಾಡಿಗೆ ಒಂದು ಮೊಳೆ ಹೊಡೆಯುವ ಮುನ್ನವೇ ಅದನ್ನು ತಿಳಿಯತಕ್ಕದ್ದು. ೧೯೮೮ರ ಮೋಟಾರು ವಾಹನಗಳ ಕಾಯಿದೆಯ ೫೨ನೆಯ ಕಲಮಿನಂತೆ, ತಯಾರಕರು ನಿಗದಿಮಾಡಿದ ವಿವರಗಳಿಗೆ ವಿರುದ್ಧವಾಗುವಂತೆ ಗಾಡಿಯನ್ನು ಮಾರ್ಪಡಿಸಕೂಡದು. ೨೦೧೯ನೆಯ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಎತ್ತಿಹಿಡಿದಿದೆ. ಹಾಗೆಂದು ಮನೆಗಾಡಿಗೆ ಸ್ಥಾನವೇ ಇಲ್ಲವೆಂದಲ್ಲ. ೨೦೦೪ರ ಕೇಂದ್ರ ಅಧಿಸೂಚನೆಯಲ್ಲಿ ಸ್ವಂತ ಬಳಕೆಯ ಕ್ಯಾಂಪರ್ ವ್ಯಾನನ್ನು ಸಾರಿಗೆಯಲ್ಲದ ವಾಹನಗಳ ಪಟ್ಟಿಯಲ್ಲಿ ಸೇರಿಸಿದೆ. ಅದರ ರಚನೆಗೆ ಎಐಎಸ್-೧೨೪ ಎಂಬ ಮಾನದಂಡವೂ ಉಂಟು. ಮಾನ್ಯತೆ ಪಡೆದ ನಿರ್ಮಾಪಕರಿಂದ ಮಾಡಿಸುವುದು, ಇಲ್ಲವೆ ಸಾರಿಗೆ ಅಧಿಕಾರಿಗಳ ಕಚೇರಿಯಲ್ಲಿ ಮುಂಚಿತವಾಗಿ ವಿಚಾರಿಸಿ ಅನುಮತಿ ಪಡೆದು ನೋಂದಣಿ ಪತ್ರದಲ್ಲಿ ಬರೆಸಿಕೊಳ್ಳುವುದು, ಇವೆರಡೇ ಸರಿಯಾದ ದಾರಿ. ಸರಕಿನ ವ್ಯಾನನ್ನು ಗುಟ್ಟಾಗಿ ಮನೆಮಾಡಿಕೊಂಡವನಿಗೆ ತಪಾಸಣೆಯಲ್ಲಿ ದಂಡ ಬೀಳುವುದು ಸಣ್ಣ ಮಾತು. ಅಪಘಾತವಾದಾಗ ವಿಮೆಯ ಕಂಪನಿಯು ಕೈತೊಳೆದುಕೊಂಡರೆ ಸಂಸಾರವೇ ಬೀದಿಗೆ ಬೀಳುವುದು. ಓಡುವ ಗಾಡಿಯಲ್ಲಿ ಯಾರೂ ಮಂಚದ ಮೇಲೆ ಮಲಗಕೂಡದು. ಎಷ್ಟು ಜನರೋ ಅಷ್ಟು ಬೆಲ್ಟು ಸಹಿತವಾದ ಆಸನಗಳು ಬೇಕು.

ಬ್ಯಾಂಕು, ಪಡಿತರ, ಮತದಾರರ ಪಟ್ಟಿ ಇವೆಲ್ಲವೂ ಗಾಲಿಯಿಲ್ಲದ ವಿಳಾಸವನ್ನು ಕೇಳುವುವು. ಆದಕಾರಣ ರಾಜಘಟ್ಟದ ಹಳೆಯ ಮನೆಯನ್ನು ಮಾರಿ ಗಾಡಿ ಕಟ್ಟುವ ಯೋಚನೆಯಿದ್ದರೆ ಅದನ್ನು ಬಿಡತಕ್ಕದ್ದು. ತಾಯಿಗೆ ಜ್ವರವೆಂದು ತಂಗಿಯ ಕರೆ ಬಂದ ರಾತ್ರಿ ಎಷ್ಟು ಗಂಟೆಯ ದಾರಿಯಲ್ಲಿರುವೆವು ಎಂಬುದನ್ನೂ ಪ್ರಯಾಣದ ಪಟ್ಟಿಯಲ್ಲಿ ಬರೆದುಕೊಳ್ಳಬೇಕು. ನಮ್ಮ ಊಹೆಯ ದಂಪತಿಗಳು ಒಂದು ಹಗಲಿನ ದಾರಿಗಿಂತ ದೂರ ಹೋಗದಿರುವುದು ಲೇಸು.

ಇನ್ನು ರಾತ್ರಿ ತಂಗುವ ಜಾಗ. ಕೇರಳವು ೨೦೨೧ರಲ್ಲಿ ಕಾರವಾನು ಪ್ರವಾಸಕ್ಕೆಂದೇ ಒಂದು ನೀತಿಯನ್ನು ಹೊರಡಿಸಿ, ಗಾಡಿಗಳು ತಂಗುವ ತೋಪುಗಳಿಗೆ ಉತ್ತೇಜನ ಕೊಟ್ಟಿತು. ಅಂಥ ತೋಪು ಎಲ್ಲ ಕಡೆಯೂ ಸಿಕ್ಕದು. ಹೆದ್ದಾರಿಯ ಅಂಚು ಅಪಾಯ. ಅರಣ್ಯದೊಳಗೆ ಅಪ್ಪಣೆಯಿಲ್ಲದೆ ತಂಗುವುದು ಅಪರಾಧ. ಸೂರ್ಯನು ಮುಳುಗುವುದಕ್ಕೆ ಒಂದು ಗಂಟೆ ಮುಂಚೆ ಯಾವುದಾದರೂ ಊರನ್ನು ಸೇರಿ, ತೋಟದ ಯಜಮಾನರನ್ನೋ, ಶಾಲೆಯ ಮುಖ್ಯೋಪಾಧ್ಯಾಯರನ್ನೋ ಕಂಡು, “ಸ್ವಾಮಿ, ಈ ರಾತ್ರಿ ಇಲ್ಲಿ ಗಾಡಿ ನಿಲ್ಲಿಸಬಹುದೆ?” ಎಂದು ಕೇಳಿದರೆ ಇಲ್ಲವೆನ್ನುವವರು ನಮ್ಮ ಸೀಮೆಯಲ್ಲಿ ಇನ್ನೂ ಕಡಮೆ. ಬಾಡಿಗೆಯ ಮನೆಗಾಡಿಗಳು ಈಗ ಬೆಂಗಳೂರಿನಲ್ಲಿ ದೊರೆಯುತ್ತವೆ. ಸುಣ್ಣದ ಗೆರೆಯ ಪರೀಕ್ಷೆಯಲ್ಲಿ ತೇರ್ಗಡೆಯಾದ ಮೇಲೆ, ಹಣ ಹೂಡುವ ಮೊದಲು, ಅಂಥದೊಂದನ್ನು ಮಳೆಗಾಲದ ಒಂದು ವಾರಕ್ಕೆ ತಂದು, ನಾಲ್ಕು ದಿನ ಕಚೇರಿಯ ಕೆಲಸವನ್ನು ಅದರಲ್ಲಿಯೇ ಮಾಡಿ ನೋಡಬಹುದು. ಬಿಸಿಲಿನ ವಾರವನ್ನು ಆರಿಸಿಕೊಳ್ಳಬೇಡಿರಿ.